ಸಮರ್ಕಂದ್‌ಗೆ ಹೊರಡುವ ಮುನ್ನ

“ಟೀಚರ್, ಇದರಲ್ಲಿ ಹೆಣ್ಣುಮಕ್ಕಳ ಮದ್ರಸ ಯಾವುದು?”

ನಾನು ಕಲಿಸುವ ಹೆಣ್ಣುಮಕ್ಕಳ ಮದ್ರಸದಲ್ಲಿ ಒಂದು ಮಧ್ಯಾಹ್ನ ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ ಇದು. ಅಂದು ನಾನು ತರಗತಿಗೆ ಒಂದು ಬಣ್ಣದ ಚಿತ್ರವನ್ನು ಒಯ್ದಿದ್ದೆ. ಉಝ್ಬೆಕಿಸ್ತಾನದ ಸಮರ್ಕಂದ್ ನಗರದ ರೆಗಿಸ್ತಾನ್ ಚೌಕದ ಚಿತ್ರ. ಒಂದೇ ಅಂಗಳದ ಮೂರು ಬದಿಗಳಲ್ಲಿ ಮೂರು ಭವ್ಯ ಮದ್ರಸಗಳು. ಎಡಕ್ಕೆ 1420ರಲ್ಲಿ ಪೂರ್ತಿಯಾದ ಉಲುಗ್ ಬೇಗ್ ಮದ್ರಸ, ಬಲಕ್ಕೆ 1636ರಲ್ಲಿ ಮುಗಿದ ಶೇರ್‌ದಾರ್, ನಡುವೆ 1660ರಲ್ಲಿ ಮುಗಿದ ತಿಲಾಕಾರಿ. ನೀಲಿ ಹೆಂಚುಗಳು, ಆಕಾಶವನ್ನು ಮುಟ್ಟುವಂಥ ಕಮಾನುಗಳು. “ಒಂದು ಕಾಲದಲ್ಲಿ ನಮ್ಮ ಮದ್ರಸಗಳು ಹೀಗಿದ್ದವು ನೋಡಿ” ಎಂದು ನಾನು ಹೆಮ್ಮೆಯಿಂದ ಹೇಳುತ್ತಿರುವಾಗಲೇ ಆಕೆ ಹಾಗೆ ಕೇಳಿದಳು.

“ಮೂರೂ ಹುಡುಗರದ್ದೇ” ಎಂದೆ.

“ಹಾಗಾದರೆ ಅಲ್ಲಿಯ ಹುಡುಗಿಯರು ಎಲ್ಲಿ ಓದಿದರು ಟೀಚರ್?”

ನನ್ನಲ್ಲಿ ಉತ್ತರವಿರಲಿಲ್ಲ. “ಹೋಗಿ ಬಂದು ಹೇಳುತ್ತೇನೆ” ಎಂದು ನಕ್ಕು ಪಾಠ ಮುಂದುವರಿಸಿದೆ. ಆದರೆ ಆ ಪ್ರಶ್ನೆ ನನ್ನೊಂದಿಗೆ ಮನೆಗೆ ಬಂತು, ಅಡುಗೆ ಕೋಣೆಗೂ ಬಂತು. ನನ್ನ ಇಡೀ ಪ್ರವಾಸದ ಸಿದ್ಧತೆಯನ್ನೇ ಅದು ಬದಲಿಸಿತು ಎಂದರೆ ಅತಿಶಯೋಕ್ತಿಯಲ್ಲ.

ಪ್ರವಾಸದ ವಿಷಯ ಮೊದಲು ಹೇಳಿಬಿಡುತ್ತೇನೆ. ಇನ್ಶಾ ಅಲ್ಲಾಹ್, ಬರುವ ಅಕ್ಟೋಬರ್‌ನ ದಸರಾ ರಜೆಯಲ್ಲಿ ನಾನು ಮತ್ತು ನನ್ನ ಪತಿ ಇಪ್ಪತ್ತೆರಡು ಮಂದಿಯ ಒಂದು ತಂಡದೊಂದಿಗೆ ಉಝ್ಬೆಕಿಸ್ತಾನಕ್ಕೆ ಹೊರಟಿದ್ದೇವೆ. ತಾಷ್ಕೆಂಟ್, ಸಮರ್ಕಂದ್, ಬುಖಾರಾ. ಒಟ್ಟು ಎಂಟು ದಿನ. ಮದ್ರಸದಲ್ಲಿ ಆಲಿಮಾ ಕೋರ್ಸ್ ಓದುವಾಗ ಈ ಊರುಗಳ ಹೆಸರನ್ನು ನಾನು ದಿನಕ್ಕೆ ಹತ್ತು ಬಾರಿ ಕೇಳುತ್ತಿದ್ದೆ. ಬುಖಾರಿ, ತಿರ್ಮಿದಿ, ಸಮರ್ಕಂದಿ, ಮರ್ಗೀನಾನಿ. ಆಗ ಅವೆಲ್ಲ ನಮಗೆ ಗ್ರಂಥಗಳ ಹೆಸರುಗಳಾಗಿದ್ದವೇ ಹೊರತು ಊರುಗಳಾಗಿರಲಿಲ್ಲ. ಮದುವೆಯಾದ ಮೇಲೆ ಮುಕ್ತ ವಿಶ್ವವಿದ್ಯಾನಿಲಯದಿಂದ ಬಿ.ಎ. ಮಾಡುವಾಗ ಇತಿಹಾಸದ ಪುಸ್ತಕದ ನಕಾಶೆಯಲ್ಲಿ ‘ಬುಖಾರಾ’ ಎಂಬ ಚುಕ್ಕಿಯನ್ನು ಕಂಡು ಬೆರಗಾಗಿದ್ದೆ. ಆ ಚುಕ್ಕಿಯಲ್ಲಿ ಒಂದು ದಿನ ಕಾಲಿಡಬೇಕೆಂಬ ಆಸೆ ಅಂದು ಹುಟ್ಟಿದ್ದು.

ಆಸೆ ಇದ್ದರೆ ಸಾಲದಲ್ಲ. ನನ್ನ ಸಂಬಳ ಎಷ್ಟೆಂಬುದು ಮದ್ರಸದಲ್ಲಿ ಕಲಿಸುವ ಸಹೋದರಿಯರಿಗೆ ಗೊತ್ತು. ಇವರದು ಚಿಕ್ಕ ಅಂಗಡಿ. 2017ರಲ್ಲಿ ಅಲ್ಲಾಹನ ಕೃಪೆಯಿಂದ ನಮ್ಮಿಬ್ಬರ ಹಜ್ಜ್ ಮುಗಿದಿತ್ತು. ಆ ಬಳಿಕ ಟ್ಯೂಷನ್‌ನಿಂದ ಬಂದದ್ದರಲ್ಲಿ ಸ್ವಲ್ಪ ಸ್ವಲ್ಪ ತೆಗೆದಿಟ್ಟು ಈ ಮೊತ್ತ ಕೂಡಿತು. ಹಣ ಕೂಡಿದಾಗ ಮಾತುಗಳೂ ಕೂಡಿದವು. “ಇನ್ನೊಂದು ಉಮ್ರಾ ಮಾಡಬಹುದಿತ್ತಲ್ಲ” ಎಂದರು ಅತ್ತೆ. “ಗೋರಿ ನೋಡಲು ಅಷ್ಟು ದೂರವೇ?” ಎಂದರು ಒಬ್ಬ ಬಂಧು. ಆದರೆ ಪಕ್ಕದ ಮನೆಯ ಹಿರಿಯ ಸಹೋದರಿಯೊಬ್ಬರು ಹೇಳಿದ ಮಾತು ಮಾತ್ರ ನನ್ನ ನಿದ್ದೆ ಕೆಡಿಸಿತು. “ಆ ದುಡ್ಡಿನಲ್ಲಿ ಇಬ್ಬರು ಹೆಣ್ಣುಮಕ್ಕಳ ವರ್ಷದ ಫೀಸು ಕಟ್ಟಬಹುದಿತ್ತು.”

ಈ ಮೂರು ಮಾತುಗಳಿಗೆ ನಾನು ನನಗೇ ಉತ್ತರ ಹೇಳಿಕೊಳ್ಳಬೇಕಾಯಿತು. ಇಮಾಮ್ ಬುಖಾರಿಯವರು ತಮ್ಮ ಮಹಾಗ್ರಂಥವನ್ನು ನಿಯ್ಯತ್ತಿನ ಹದೀಸ್‌ನಿಂದ ಆರಂಭಿಸಿದ್ದಾರೆ. ಇಪ್ಪತ್ತು ವರ್ಷಗಳಿಂದ ಅದನ್ನು ಮಕ್ಕಳಿಗೆ ಕಲಿಸುತ್ತಿರುವ ನಾನು ಮೊದಲು ನನ್ನ ನಿಯ್ಯತ್ತನ್ನೇ ನೋಡಿಕೊಳ್ಳಬೇಡವೇ? ಇದು ಉಮ್ರಾಕ್ಕೆ ಬದಲಿಯಲ್ಲ. ಪುಣ್ಯವನ್ನು ಬಯಸಿ ಪ್ರಯಾಣ ಹೊರಡಬೇಕಾದ ಮಸೀದಿಗಳು ಮೂರೇ ಎಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಗೋರಿಗಳಲ್ಲಿ ಬೇಡಿಕೊಳ್ಳಲು ನಾವು ಹೋಗುತ್ತಿಲ್ಲ. ಅಲ್ಲಿ ಮಲಗಿರುವವರಿಗೆ ಸಲಾಮ್ ಹೇಳಿ, ಅವರಿಗಾಗಿ ಪ್ರಾರ್ಥಿಸಿ, ನಮ್ಮ ಮರಣವನ್ನು ನೆನೆಯುವುದು ಬೇರೆ ವಿಷಯ. ಆದರೆ ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಗತಿ ಏನಾಯಿತೆಂದು ನೋಡಿರಿ ಎಂಬ ಕರೆ ಕುರ್‌ಆನಿನಲ್ಲಿ ಒಂದಲ್ಲ, ಹಲವು ಕಡೆ ಇದೆ. ಆ ನೋಟಕ್ಕಾಗಿ ಹೋಗುವುದಾದರೆ ಹೋಗೋಣ ಎಂದುಕೊಂಡೆ. ಫೀಸಿನ ಮಾತಿಗೆ ಮಾತ್ರ ಬಾಯಿಯಲ್ಲಿ ಉತ್ತರ ಕೊಡುವಂತಿರಲಿಲ್ಲ. ಅಲ್ಲಿಯ ರೇಷ್ಮೆ, ಶಾಲು, ಉಡುಗೊರೆಗಳಿಗೆಂದು ಬೇರೆ ತೆಗೆದಿಟ್ಟಿದ್ದನ್ನು ನಾವಿಬ್ಬರೂ ಸೇರಿ ಬೇರೆ ದಾರಿಗೆ ತಿರುಗಿಸಿದೆವು. ಎಷ್ಟು, ಯಾರಿಗೆ ಎಂಬುದು ಇಲ್ಲಿ ಬರೆಯುವ ವಿಷಯವಲ್ಲ. ಪೆಟ್ಟಿಗೆ ಖಾಲಿಯಾಗಿ ಹೋಗಿ ಖಾಲಿಯಾಗಿಯೇ ಬರುತ್ತದೆಂದು ಬಂಧುಗಳಿಗೆ ಈಗಲೇ ತಿಳಿಸಿದ್ದೇನೆ!

ಕಳೆದ ತಿಂಗಳು ಮಂಗಳೂರಿನಲ್ಲಿ ಪ್ರವಾಸಿಗರ ಪೂರ್ವಸಿದ್ಧತಾ ಸಭೆ ಇತ್ತು. ತಂಡದ ಮುಖಂಡರು ಎರಡು ಗಂಟೆ ಮಾತಾಡಿದರು. ಹೋಗಬಯಸುವ ಇತರ ಸಹೋದರಿಯರಿಗೂ ಪ್ರಯೋಜನವಾಗಲೆಂದು ಅವರ ಮಾತುಗಳಲ್ಲಿ ಮುಖ್ಯವಾದುದನ್ನು ಬರೆಯುತ್ತೇನೆ. ಪಾಸ್‌ಪೋರ್ಟ್‌ನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಲಿ. ನನ್ನದು ಹಜ್ಜ್‌ಗೆಂದು ಮಾಡಿಸಿದ್ದು. ಅವಧಿ ಮುಗಿಯುತ್ತಾ ಬಂದಿದ್ದರಿಂದ ನವೀಕರಿಸಬೇಕಾಯಿತು. ವೀಸಾಕ್ಕೆ ದಿಲ್ಲಿಯ ರಾಯಭಾರ ಕಚೇರಿಗೆ ಅಲೆಯಬೇಕಾಗಿಲ್ಲ; ಭಾರತೀಯರಿಗೆ 2018ರಿಂದ ಇ-ವೀಸಾ ಸಿಗುತ್ತಿದೆ. ದಿಲ್ಲಿಯಿಂದ ತಾಷ್ಕೆಂಟ್‌ಗೆ ಸುಮಾರು ಮೂರು ಗಂಟೆಯ ವಿಮಾನ ಪ್ರಯಾಣ ಅಷ್ಟೇ. ಅಲ್ಲಿಂದ ಸಮರ್ಕಂದ್‌ಗೆ ವೇಗದ ರೈಲಿನಲ್ಲಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ, ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಆದ್ದರಿಂದ ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯ ಕಾಲ. ಅಕ್ಟೋಬರ್‌ನಲ್ಲೂ ರಾತ್ರಿ ಸ್ವೆಟರ್ ಬೇಕು. ನಿದ್ರೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್‌ನಂಥವುಗಳ ಬಗ್ಗೆ ಅಲ್ಲಿಯ ನಿಯಮ ಬಿಗಿ. ವೈದ್ಯರ ಚೀಟಿ ಇಲ್ಲದೆ ಒಯ್ಯಬಾರದು. ರೊಟ್ಟಿಗೆ ಅಲ್ಲಿ ‘ನಾನ್’ ಎನ್ನುತ್ತಾರೆ. ಅದನ್ನು ಚಾಕುವಿನಿಂದ ಕತ್ತರಿಸದೆ ಕೈಯಿಂದ ಮುರಿಯುತ್ತಾರೆ, ಮೇಜಿನ ಮೇಲೆ ಮಗುಚಿ ಇಡುವುದು ಅಗೌರವ. ‘ಕಿತಾಬ್’, ‘ಮಕ್ತಬ್’, ‘ಬಜಾರ್’, ‘ದಫ್ತರ್’ ಎಂದರೆ ಅವರಿಗೂ ಅರ್ಥವಾಗುತ್ತದೆ. ಕೃತಜ್ಞತೆ ಹೇಳಲು ಅವರು ಬಳಸುವ ಶಬ್ದ ‘ರಹ್ಮತ್’. ಎಷ್ಟು ಚಂದದ ಶಬ್ದ!

ಅನ್ನ-ಮಾಂಸದ ‘ಪಲಾವ್’ ಅಲ್ಲಿಯ ಮುಖ್ಯ ಊಟ. ಅದರ ಮೇಲೆ ಕೆಲವೊಮ್ಮೆ ಕುದುರೆ ಮಾಂಸದ ತುಂಡುಗಳಿರುತ್ತವೆ ಎಂದಾಗ ಸಭೆಯಲ್ಲಿ ಮಹಿಳೆಯರೆಲ್ಲ ಒಬ್ಬರನ್ನೊಬ್ಬರು ನೋಡಿದೆವು. ಕುದುರೆ ಮಾಂಸವನ್ನು ಇಮಾಮ್ ಅಬೂ ಹನೀಫಾ(ರ) ಇಷ್ಟಪಟ್ಟಿಲ್ಲ, ಇಮಾಮ್ ಶಾಫಿಈ(ರ)ಯವರ ಪ್ರಕಾರ ಅದು ಅನುಮತಿಸಲ್ಪಟ್ಟದ್ದು. ತಮಾಷೆಯೆಂದರೆ, ಹನಫೀಗಳಾದ ಅವರು ತಿನ್ನುತ್ತಾರೆ, ಶಾಫಿಈಗಳಾದ ನಮಗೆ ಗಂಟಲಲ್ಲಿ ಇಳಿಯದು! ಪ್ರವಾದಿ(ಸ)ಯವರ ಕಾಲದಲ್ಲಿ ನಾವು ಕುದುರೆಯನ್ನು ದಿಬಹ್ ಮಾಡಿ ತಿಂದಿದ್ದೆವು ಎಂದು ತಿಳಿಸಿದವರು ಅಸ್ಮಾ ಬಿನ್ತ್ ಅಬೂಬಕರ್(ರ) ಎಂಬುದು ನನಗೆ ಥಟ್ಟನೆ ನೆನಪಾಯಿತು. ಅದು ಬುಖಾರಿಯಲ್ಲೇ ಇದೆ. ಮತ್ತೆ ಒಬ್ಬ ಮಹಿಳೆ!

ಇನ್ನೊಂದು ಮಾತು ಕೇಳಿ ಸಭೆ ಮೌನವಾಯಿತು. ಆ ದೇಶದಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮುಚ್ಚಿದರೆ ದಂಡ ವಿಧಿಸುವ ಕಾನೂನನ್ನು 2023ರಲ್ಲಿ ತಂದಿದ್ದಾರೆ. ತಲೆವಸ್ತ್ರಕ್ಕೆ ಅಡ್ಡಿಯಿಲ್ಲ. ತಂಡದಲ್ಲಿ ಮುಖಪರದೆ ಧರಿಸುವ ಇಬ್ಬರು ಸಹೋದರಿಯರಿದ್ದರು. ಒಬ್ಬರು ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಎದ್ದು ಹೋದವರು ಮರುದಿನ ಹೆಸರು ಹಿಂದೆಗೆದರು. ಮುಸ್ಲಿಮರೇ ಬಹುಸಂಖ್ಯಾತರಾಗಿರುವ, ಇಮಾಮ್ ಬುಖಾರಿ ಹುಟ್ಟಿದ ನಾಡಿನಲ್ಲಿ ಹೀಗೇಕೆ ಎಂದು ಅನೇಕರು ಕೇಳಿದರು. ಮುಖಂಡರು “ಅದು ಅವರ ಸರಕಾರದ ನಿಯಮ” ಎಂದು ಮುಂದಿನ ವಿಷಯಕ್ಕೆ ಹೋದರು. 2022ರಲ್ಲಿ ನಮ್ಮ ಕರಾವಳಿಯ ಕಾಲೇಜುಗಳ ಗೇಟಿನ ಹೊರಗೆ ತಲೆವಸ್ತ್ರ ಧರಿಸಿ ನಿಂತಿದ್ದ ಹುಡುಗಿಯರ ಮುಖಗಳು ನನ್ನ ಕಣ್ಣ ಮುಂದೆ ಬಂದವು. ಹೆಣ್ಣಿನ ಬಟ್ಟೆಯನ್ನು ನಿರ್ಧರಿಸುವ ಸಭೆಗೆ ಹೆಣ್ಣನ್ನು ಕರೆಯುವವರು ಎಲ್ಲಿಯೂ ಕಡಿಮೆ ಎಂದುಕೊಂಡೆ.

ನಮಗೆ ಕೊಟ್ಟ ಬಣ್ಣದ ಹಾಳೆಯಲ್ಲಿ ಒಂದು ತಪ್ಪೂ ಇತ್ತು. ಇಮಾಮ್ ಬುಖಾರಿಯವರ ಸಮಾಧಿ ಬುಖಾರಾ ನಗರದಲ್ಲಿದೆ ಎಂದು ಅಚ್ಚು ಮಾಡಿಸಿದ್ದರು. ನಿಜವಾಗಿ ಅವರು ಮಲಗಿರುವುದು ಬುಖಾರಾದಿಂದ ಇನ್ನೂರೈವತ್ತು ಕಿಲೋಮೀಟರಿಗೂ ದೂರ, ಸಮರ್ಕಂದ್ ಬಳಿಯ ಖರ್ತಂಗ್ ಎಂಬಲ್ಲಿ. ನಾನು ಎದ್ದು ನಿಂತು ಇದನ್ನು ಹೇಳಿದಾಗ ಒಬ್ಬರು “ಎಲ್ಲಿದ್ದರೇನು, ಬಸ್ಸು ಹೋಗುತ್ತದಲ್ಲ” ಎಂದರು. ಆದರೆ ಹುಟ್ಟಿದ ಊರಲ್ಲಿ ಅವರಿಗೆ ಆರಡಿ ಮಣ್ಣು ಏಕೆ ಸಿಗಲಿಲ್ಲ ಎಂಬುದರಲ್ಲೇ ಅವರ ಬದುಕಿನ ಪಾಠವಿದೆ.

ಮನೆಗೆ ಬಂದವಳೇ ಹಳೆಯ ನೋಟ್ಸ್‌ಗಳನ್ನು ಹೊರತೆಗೆದೆ. ಇಮಾಮ್ ಬುಖಾರಿ(ರ) ಹಿಜರಿ 194ರಲ್ಲಿ, ಅಂದರೆ ಕ್ರಿ.ಶ. 810ರಲ್ಲಿ, ಬುಖಾರಾದಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬಾಲ್ಯದಲ್ಲಿ ಅವರ ದೃಷ್ಟಿ ಹೋಗಿ, ತಾಯಿಯ ಎಡೆಬಿಡದ ಪ್ರಾರ್ಥನೆಯ ಬಳಿಕ ಮರಳಿತೆಂದು ಚರಿತ್ರೆಕಾರರು ಬರೆದಿದ್ದಾರೆ. ಹದಿನಾರರ ಹರೆಯದಲ್ಲಿ ತಾಯಿ ಮತ್ತು ಅಣ್ಣನೊಂದಿಗೆ ಹಜ್ಜ್‌ಗೆ ಹೋದರು. ಅಣ್ಣ ಊರಿಗೆ ಮರಳಿದರು. ಈ ಮಗ ವಿದ್ಯೆಗಾಗಿ ಅಲ್ಲೇ ಉಳಿದರು. ಮುಂದೆ ಹದಿನಾರು ವರ್ಷಗಳ ದುಡಿಮೆಯಿಂದ ‘ಸಹೀಹ್’ ಸಿದ್ಧವಾಯಿತು. ಕೊನೆಗಾಲದಲ್ಲಿ ಊರಿಗೆ ಬಂದಾಗ ಬುಖಾರಾದ ಅಧಿಕಾರಿ ತನ್ನ ಮಕ್ಕಳಿಗೆ ಅರಮನೆಗೇ ಬಂದು ಪಾಠ ಹೇಳಬೇಕೆಂದು ಬಯಸಿದ. ವಿದ್ಯೆಯನ್ನು ದೊರೆಗಳ ಬಾಗಿಲಿಗೆ ಹೊತ್ತೊಯ್ಯಲಾರೆ, ಬೇಕಿದ್ದವರು ಎಲ್ಲರೊಂದಿಗೆ ಬಂದು ಕುಳಿತು ಕಲಿಯಲಿ ಎಂದು ಇಮಾಮರು ನಿರಾಕರಿಸಿದರು. ಊರು ಬಿಡಬೇಕಾಯಿತು. ಹಿಜರಿ 256ರ (ಕ್ರಿ.ಶ. 870) ಈದುಲ್ ಫಿತ್ರ್‌ನ ರಾತ್ರಿ ಖರ್ತಂಗ್‌ನಲ್ಲಿ ಅವರು ಕೊನೆಯುಸಿರೆಳೆದರು. ಬಡವರ ಮನೆಯ ಹುಡುಗಿಯರನ್ನೂ ಶ್ರೀಮಂತರ ಮನೆಯ ಹುಡುಗಿಯರನ್ನೂ ಒಂದೇ ಬೆಂಚಿನಲ್ಲಿ ಕುಳ್ಳಿರಿಸುವ ನಮ್ಮಂಥ ಅಧ್ಯಾಪಿಕೆಯರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ಆದರೆ ನನ್ನನ್ನು ಕಾಡಿದ್ದು ಆ ತಾಯಿ. ವಿಧವೆಯಾಗಿ ಇಬ್ಬರು ಗಂಡುಮಕ್ಕಳನ್ನು ಸಾಕಿ, ಕುರುಡು ಮಗನಿಗಾಗಿ ರಾತ್ರಿಗಳನ್ನು ಕಳೆದು, ಕೊನೆಗೆ ಅವನನ್ನು ವಿದ್ಯೆಗಾಗಿ ಪರದೇಶದಲ್ಲಿ ಬಿಟ್ಟು ಮನೆಗೆ ಮರಳಿದ ತಾಯಿ. ನಮ್ಮ ಪಠ್ಯದಲ್ಲಿ ಇಮಾಮರ ತಂದೆಯ ಹೆಸರಿತ್ತು, ಅಜ್ಜನ ಹೆಸರಿತ್ತು, ಮುತ್ತಜ್ಜನ ಹೆಸರೂ ಇತ್ತು. ತಾಯಿಯ ಹೆಸರು ಇರಲಿಲ್ಲ. ಪರೀಕ್ಷೆಗೆ ಬಾಯಿಪಾಠ ಮಾಡುವಾಗ ಅದೇಕೆ ಎಂದು ನಾನೂ ಕೇಳಿರಲಿಲ್ಲ.

ಈಗ ಕೇಳತೊಡಗಿದೆ. ಹುಡುಕಿದಂತೆ ಹೆಸರುಗಳು ಸಿಕ್ಕವು. ಅಲ್‌ಹಮ್ದುಲಿಲ್ಲಾಹ್! ಕರೀಮಾ ಮರ್ವಝಿಯ್ಯಾ ಎಂಬ ಮಹಾ ವಿದ್ವಾಂಸೆ. ಉಝ್ಬೆಕಿಸ್ತಾನದ ನೆರೆಯ ತುರ್ಕ್‌ಮೆನಿಸ್ತಾನದಲ್ಲಿರುವ ಮರ್ವ್ ಪ್ರದೇಶದವರು, ನೆಲೆಸಿದ್ದು ಮಕ್ಕಾದಲ್ಲಿ. ಅವರು ಮತ್ತು ಇಮಾಮ್ ಬುಖಾರಿಯವರ ನಡುವೆ ಇದ್ದುದು ಎರಡೇ ಕೊಂಡಿ. ಇಮಾಮರಿಂದ ಫಿರಬ್‌ರೀ ಕೇಳಿದರು, ಅವರಿಂದ ಕುಶ್ಮೀಹನೀ, ಅವರಿಂದ ಕರೀಮಾ. ‘ಬಗ್ದಾದಿನ ಇತಿಹಾಸ’ ಬರೆದ ಖತೀಬ್ ಬಗ್ದಾದಿಯವರಂಥ ದೊಡ್ಡ ವಿದ್ವಾಂಸರು ಹಜ್ಜ್‌ಗೆ ಬಂದಾಗ ಈ ಮಹಿಳೆಯ ಮುಂದೆ ಕುಳಿತು ಐದು ದಿನಗಳಲ್ಲಿ ಸಹೀಹ್ ಬುಖಾರಿ ಓದಿ ಮುಗಿಸಿದರು. ಶಿಷ್ಯರು ಬರೆದುಕೊಂಡ ಪ್ರತಿಯನ್ನು ತಮ್ಮ ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡದ ಹೊರತು ಕರೀಮಾ ಅನುಮತಿ ಕೊಡುತ್ತಿರಲಿಲ್ಲವಂತೆ. ನೋಟ್‌ಬುಕ್ ತಿದ್ದಿ ತಿದ್ದಿ ಕಣ್ಣು ನೋಯುವ ನನಗೆ ಇದನ್ನೋದಿ ಎಷ್ಟು ಸಂತೋಷವಾಯಿತೆಂದರೆ, ಆ ರಾತ್ರಿಯೇ ಇವರನ್ನು ಎಬ್ಬಿಸಿ ಹೇಳಿದೆ!

ಇನ್ನೊಬ್ಬರು ಹನ್ನೆರಡನೇ ಶತಮಾನದ ಫಾತಿಮಾ ಸಮರ್ಕಂದಿ. ತಂದೆ ದೊಡ್ಡ ಫಕೀಹ್. ಮಗಳಿಗೆ ತಾನು ಬರೆದ ಗ್ರಂಥವನ್ನು ಬಾಯಿಪಾಠ ಮಾಡಿಸಿದ್ದರು. ಆ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಶಿಷ್ಯ ಕಾಸಾನಿಯವರಿಗೆ ಮಗಳನ್ನು ಕೊಟ್ಟರು. ಆ ವ್ಯಾಖ್ಯಾನವೇ ಆಕೆಯ ಮಹ್ರ್ ಆಯಿತು. ಫತ್ವಾಗಳು ಹೊರಡುವಾಗ ಮೊದಲು ತಂದೆಯ ಮತ್ತು ಆಕೆಯ, ಮದುವೆಯ ಬಳಿಕ ತಂದೆ, ಮಗಳು, ಅಳಿಯ ಮೂವರ ಸಹಿ ಇರುತ್ತಿತ್ತು. ಗಂಡ ತಪ್ಪಿದಲ್ಲಿ ಆಕೆ ತಿದ್ದುತ್ತಿದ್ದರಂತೆ. ಮುಂದೆ ಸಿರಿಯಾದ ಹಲಬ್ ನಗರದಲ್ಲಿ ನೆಲೆಸಿದಾಗ, ರಮದಾನಿನಲ್ಲಿ ಅಲ್ಲಿಯ ಮದ್ರಸದ ವಿದ್ವಾಂಸರ ಇಫ್ತಾರ್‌ಗಾಗಿ ಆಕೆ ತನ್ನ ಬಳೆಗಳನ್ನು ಮಾರಿದ ಸಂಗತಿಯೂ ಚರಿತ್ರೆಯಲ್ಲಿದೆ. ಇವರ ಗೋರಿ ಹಲಬ್‌ನಲ್ಲಿದೆ. ಸಮರ್ಕಂದ್‌ನಲ್ಲಿ ನಮ್ಮ ಬಸ್ಸು ನಿಲ್ಲುವ ಸ್ಥಳಗಳ ಪಟ್ಟಿಯಲ್ಲಿ ಈ ಹೆಸರಿಲ್ಲ. ಪಟ್ಟಿಯಲ್ಲಿರುವುದು ತೈಮೂರನ ಗೋರಿ.

ತೈಮೂರನ ಬಗ್ಗೆಯೂ ಮಕ್ಕಳಿಗೆ ಸತ್ಯವನ್ನೇ ಹೇಳಬೇಕೆಂದಿದ್ದೇನೆ. ಸಮರ್ಕಂದ್‌ನ ಬೀಬಿ ಖಾನಮ್ ಮಸೀದಿಯನ್ನು ಆತ ಕಟ್ಟಲು ಆರಂಭಿಸಿದ್ದು 1399ರಲ್ಲಿ, ಅಂದರೆ ದಿಲ್ಲಿಯನ್ನು ಸೂರೆ ಮಾಡಿ ಮರಳಿದ ಮೇಲೆ. 1398ರ ಡಿಸೆಂಬರ್‌ನಲ್ಲಿ ದಿಲ್ಲಿಯಲ್ಲಿ ಹರಿದ ರಕ್ತ ಹಿಂದೂಗಳದ್ದೂ ಆಗಿತ್ತು, ಮುಸ್ಲಿಮರದ್ದೂ ಆಗಿತ್ತು. ಆ ಮಸೀದಿಯ ಕಲ್ಲುಗಳನ್ನು ಎಳೆದದ್ದು ನಮ್ಮ ದೇಶದಿಂದ ಒಯ್ದ ಆನೆಗಳು. ಗುಂಬಜ್ ಇಸ್ಲಾಮಿನದೆಂದು ಕಂಡಮಾತ್ರಕ್ಕೆ ಕಟ್ಟಿಸಿದವನ ಎಲ್ಲ ಕೆಲಸಗಳೂ ಇಸ್ಲಾಮಿನದಾಗುವುದಿಲ್ಲ. ಅವನ ಮೊಮ್ಮಗ ಉಲುಗ್ ಬೇಗ್ ಮಾತ್ರ ಬೇರೆ ಮನುಷ್ಯ. ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಮಾಡಿದ ಖಗೋಳ ವಿಜ್ಞಾನಿ ದೊರೆ. 1449ರಲ್ಲಿ ಸ್ವಂತ ಮಗನ ಆಜ್ಞೆಯಿಂದಲೇ ಕೊಲೆಯಾದ. 1417ರಲ್ಲಿ ಆತ ಬುಖಾರಾದಲ್ಲಿ ಕಟ್ಟಿಸಿದ ಮದ್ರಸದ ಬಾಗಿಲಲ್ಲಿ, ವಿದ್ಯಾರ್ಜನೆ ಮುಸ್ಲಿಮ್ ಪುರುಷನಿಗೂ ಸ್ತ್ರೀಗೂ ಕಡ್ಡಾಯ ಎಂಬರ್ಥದ ಮಾತು ಕೆತ್ತಲ್ಪಟ್ಟಿದೆ. ಇದನ್ನೋದಿ ಒಂದು ಕ್ಷಣ ಹಿಗ್ಗಿದೆ. ಮರುಕ್ಷಣ ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಎದುರು ಬಂದು ನಿಂತಿತು. ಬಾಗಿಲಲ್ಲಿ ಸ್ತ್ರೀಯ ಹೆಸರಿತ್ತು. ಒಳಗಿನ ಕೋಣೆಗಳಲ್ಲಿ ಓದಿದವರೆಲ್ಲ ಹುಡುಗರು. ಹಾಗಾದರೆ ಹುಡುಗಿಯರು ಎಲ್ಲಿ ಓದಿದರು?

ಉತ್ತರ ನನಗೆ ಸಿಕ್ಕಿದ್ದು ಗುಂಬಜ್‌ಗಳ ಇತಿಹಾಸದಲ್ಲಲ್ಲ, ಅವುಗಳಿಗೆ ಬೀಗ ಬಿದ್ದ ಇತಿಹಾಸದಲ್ಲಿ.

ಸೋವಿಯತ್ ಆಡಳಿತ ಬಂದ ಮೇಲೆ 1920ರ ದಶಕದ ಕೊನೆಯಿಂದ ಆ ನಾಡಿನ ಮಸೀದಿ, ಮದ್ರಸಗಳು ಒಂದೊಂದಾಗಿ ಮುಚ್ಚಿದವು. 1927ರ ಮಾರ್ಚ್ 8ರಂದು ‘ಹುಜೂಮ್’ ಎಂಬ ಚಳವಳಿ ಆರಂಭವಾಯಿತು. ಹುಜೂಮ್ ಎಂದರೆ ದಾಳಿ. ಚೌಕಗಳಲ್ಲಿ ಸಭೆ ಸೇರಿಸಿ ಮಹಿಳೆಯರ ಪರದೆಗಳನ್ನು ತೆಗೆಸಿ ಸುಟ್ಟರು. ಪರದೆ ತೆಗೆದ ಎಷ್ಟೋ ಮಹಿಳೆಯರನ್ನು ಅವರ ಸ್ವಂತ ಬಂಧುಗಳೂ ಊರಿನವರೂ ಸಿಟ್ಟಿನಿಂದ ಕೊಂದರು ಎಂಬುದನ್ನೂ ನಾವು ಮುಚ್ಚಿಡಬಾರದು. ಆ ಕಡೆಯಿಂದಲೂ ಹೆಣ್ಣು, ಈ ಕಡೆಯಿಂದಲೂ ಹೆಣ್ಣು. ಅದೇ ಕಾಲಕ್ಕೆ ಲಿಪಿಯನ್ನೂ ಬದಲಿಸಿದರು. ಅರಬಿ ಲಿಪಿಯಲ್ಲಿದ್ದ ಭಾಷೆಯನ್ನು ಮೊದಲು ಲ್ಯಾಟಿನ್ ಲಿಪಿಗೆ, 1940ರಲ್ಲಿ ರಷ್ಯನ್ನರ ಸಿರಿಲಿಕ್ ಲಿಪಿಗೆ ತಂದರು. ಅಜ್ಜನ ಪೆಟ್ಟಿಗೆಯಲ್ಲಿದ್ದ ಕಿತಾಬು ಮೊಮ್ಮಗನಿಗೆ ಗೋಡೆಯಂತಾಯಿತು. ಅರಬಿ ಅಕ್ಷರದ ಪುಸ್ತಕ ಮನೆಯಲ್ಲಿದ್ದರೆ ಅಪಾಯವೆಂದು ಎಷ್ಟೋ ಮಂದಿ ಮಣ್ಣಲ್ಲಿ ಹೂತರು, ಗೋಡೆಯೊಳಗೆ ಅಡಗಿಸಿದರು. ಬುಖಾರಾದ ಮೀರ್ ಅರಬ್ ಮದ್ರಸ 1940ರ ದಶಕದಲ್ಲಿ ಮತ್ತೆ ತೆರೆಯಿತಾದರೂ ಅದು ಅಷ್ಟು ದೊಡ್ಡ ದೇಶಕ್ಕೆಲ್ಲ ಬೆರಳೆಣಿಕೆಯ ಮದ್ರಸಗಳಲ್ಲಿ ಒಂದು.

ಆ ಆರೇಳು ದಶಕಗಳ ಕತ್ತಲಲ್ಲಿ ಮಕ್ಕಳಿಗೆ ‘ಬಿಸ್ಮಿಲ್ಲಾಹ್’ ಹೇಳಿಕೊಟ್ಟವರು ಯಾರು? ಅವರನ್ನು ಅಲ್ಲಿ ‘ಓತಿನ್’ ಎನ್ನುತ್ತಾರೆ, ಗೌರವದಿಂದ ‘ಓತಿನ್-ಓಯಿ’. ಓಯಿ ಎಂದರೆ ಆ ಭಾಷೆಯಲ್ಲಿ ತಾಯಿ. ಹುಡುಗಿಯರಿಗೆ ಮನೆಯಲ್ಲೇ ಕುರ್‌ಆನ್ ಮತ್ತು ದೀನಿ ವಿಷಯಗಳನ್ನು ಕಲಿಸುವ, ಹೆರಿಗೆ-ಮರಣದ ಮನೆಗಳಲ್ಲಿ ಮಹಿಳೆಯರಿಗೆ ಮುಂದಾಳಾಗಿ ನಿಲ್ಲುವ ಸ್ತ್ರೀಯರು. ಮದ್ರಸಗಳು ಭರ್ತಿಯಾಗಿದ್ದ ಕಾಲದಲ್ಲೂ ಹುಡುಗಿಯರು ಓದಿದ್ದು ಇವರ ಅಂಗಳದಲ್ಲೇ. ಮದ್ರಸಗಳಿಗೆ ಬೀಗ ಬಿದ್ದಾಗ ಓತಿನ್‌ಗಳ ಮನೆಗೆ ಬೀಗ ಹಾಕುವುದು ಸರಕಾರಕ್ಕೆ ಸುಲಭವಾಗಲಿಲ್ಲ. ಅಲ್ಲಿ ಗುಂಬಜ್ ಇರಲಿಲ್ಲ, ಫಲಕ ಇರಲಿಲ್ಲ, ಬರೀ ಒಬ್ಬ ಹೆಂಗಸು ಮತ್ತು ಒಂದು ಚಹಾ ಕೆಟಲ್. ಹೊಲಿಗೆ ಕಲಿಯಲು ಬಂದಂತೆ ಕಾಣುವ ಹುಡುಗಿಯರು ಅಲ್ಲಿ ಸೂರಾ ಕಲಿಯುತ್ತಿದ್ದರೆಂದು ಯಾರಿಗೆ ಗೊತ್ತಾಗಬೇಕು? 1991ರಲ್ಲಿ ದೇಶ ಸ್ವತಂತ್ರವಾದಾಗ ಅಳಿಯದೆ ಉಳಿದಿದ್ದ ವಿದ್ಯೆಯಲ್ಲಿ ಈ ಹೆಂಗಸರ ಪಾಲು ದೊಡ್ಡದು.

ಓತಿನ್ ಎಂಬ ಶಬ್ದವನ್ನು ಕೇಳಿದಾಗ ನನ್ನ ಮನಸ್ಸು ಸಮರ್ಕಂದ್‌ನಿಂದ ಒಮ್ಮೆಲೇ ನನ್ನ ತವರುಮನೆಯ ಜಗಲಿಗೆ ಬಂದು ನಿಂತಿತು. ಕುರ್‌ಆನ್ ಕಲಿಯಲು ಹೋಗುವುದಕ್ಕೆ ನಮ್ಮಲ್ಲಿ ‘ಓದಲು ಹೋಗುವುದು’ ಎಂದೇ ಹೇಳುವುದಲ್ಲವೇ? ಎರಡು ಶಬ್ದಗಳಿಗೂ ಸಂಬಂಧವಿಲ್ಲ, ಬರೀ ಕಿವಿಗೆ ಕೇಳುವ ಸಾಮ್ಯ. ಆದರೂ ನನ್ನ ಅಜ್ಜಿಯ ನೆನಪಾಯಿತು. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಆಸುಪಾಸಿನ ಇಪ್ಪತ್ತು ಮನೆಗಳ ಹೆಣ್ಣುಮಕ್ಕಳು ಮಗ್ರಿಬ್ ಬಳಿಕ ಅವರ ಜಗಲಿಯಲ್ಲಿ ಚಿಮಿಣಿ ದೀಪದ ಸುತ್ತ ಕುಳಿತು ಓದುತ್ತಿದ್ದರು. ಸಂಬಳವೆಂದರೆ ಒಂದು ತೆಂಗಿನಕಾಯಿಯೋ, ಹಬ್ಬಕ್ಕೆ ಒಂದು ಸೇರು ಅಕ್ಕಿಯೋ. ನಮ್ಮ ಊರಿನ ಇತಿಹಾಸ ಬರೆದವರು ಮಸೀದಿ ಕಟ್ಟಿಸಿದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಅಜ್ಜಿಯ ಹೆಸರು ಎಲ್ಲಿಯೂ ಇಲ್ಲ. ಆಲಿಮಾ ಆದ ಮೊಮ್ಮಗಳು ಕೂಡ ಈವರೆಗೆ ಅವರನ್ನು ‘ಅಧ್ಯಾಪಿಕೆ’ ಎಂದು ಕರೆದಿರಲಿಲ್ಲ.

ಅಜ್ಜಿಯ ಎರಡು ಪುಸ್ತಕಗಳು ಉಮ್ಮನ ಕಪಾಟಿನಲ್ಲಿವೆ. ಕೇರಳದಲ್ಲಿ ಅಚ್ಚಾದ ಅರಬಿ-ಮಲಯಾಳಮ್ ಪುಸ್ತಕಗಳು. ಒಂದು ನಮಾಝ್-ಉಪವಾಸಗಳ ನಿಯಮ, ಇನ್ನೊಂದು ಮಾಲೆ ಹಾಡುಗಳು. ಅಕ್ಷರ ಅರಬಿ, ಭಾಷೆ ಮಲಯಾಳಮ್. ಅರಬಿಯಲ್ಲಿ ಇಲ್ಲದ ಟ, ಳ, ಪ ಮುಂತಾದ ಉಚ್ಚಾರಗಳಿಗಾಗಿ ಅಕ್ಷರಗಳಿಗೆ ಚುಕ್ಕಿ-ಗುರುತು ಸೇರಿಸಿ ಬರೆದದ್ದು. ಕರಾವಳಿಯ ನಮ್ಮ ಹಿರಿಯ ಹೆಂಗಸರ ಮದ್ರಸ, ವಾಚನಾಲಯ ಎಲ್ಲವೂ ಇಂಥ ಪುಸ್ತಕಗಳೇ ಆಗಿದ್ದವು. ನಾನು ಅವುಗಳನ್ನು ಮಡಚಿದ ಬಟ್ಟೆಯ ಕೆಳಗೆ ಕಂಡಿದ್ದೆ, ಬರ್ಕತ್ತಿಗೆ ಇಟ್ಟಿರಬೇಕೆಂದು ಸುಮ್ಮನಿದ್ದೆ. ತಾಷ್ಕೆಂಟ್‌ನಲ್ಲಿ ಖಲೀಫಾ ಉಸ್ಮಾನ್(ರ)ರ ಕಾಲದ್ದೆಂದು ನಂಬಲಾಗುವ ಚರ್ಮದ ಹಾಳೆಯ ಪುರಾತನ ಕುರ್‌ಆನ್ ಪ್ರತಿಯನ್ನು ನೋಡಲು ಲಕ್ಷ ರೂಪಾಯಿ ಖರ್ಚು ಮಾಡಿ ಹೊರಟಿದ್ದೇನೆ. 1869ರಲ್ಲಿ ರಷ್ಯನ್ನರು ಅದನ್ನು ಒಯ್ದದ್ದು, 1924ರಲ್ಲಿ ಅದು ತಾಷ್ಕೆಂಟ್‌ಗೆ ಮರಳಿದ್ದು ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡಿದ್ದೇನೆ. ನನ್ನದೇ ಮನೆಯ ಕಪಾಟಿನ ಪುಸ್ತಕವನ್ನು ಮಾತ್ರ ತೆರೆದು ನೋಡಿರಲಿಲ್ಲ! ಇಲ್ಲಿ ಯಾವ ಸರಕಾರವೂ ಲಿಪಿಯನ್ನು ನಿಷೇಧಿಸಿರಲಿಲ್ಲ. ಬೀಗ ಹಾಕಿದವರು ನಾವೇ.

ಅಂದಿನಿಂದ ನನ್ನ ಪ್ರವಾಸದ ಸಿದ್ಧತೆಗೆ ಒಂದು ಹೊಸ ಕೆಲಸ ಸೇರಿತು. ವಾರಕ್ಕೆ ಮೂರು ದಿನ ಮಗ್ರಿಬ್ ಬಳಿಕ ಉಮ್ಮನ ಬಳಿ ಕುಳಿತುಕೊಳ್ಳುತ್ತೇನೆ. ಉಮ್ಮನಿಗೆ ಎಪ್ಪತ್ತೆಂಟು. ಎರಡೂ ಕಣ್ಣಿನ ಪೊರೆ ತೆಗೆಸಿಯಾಗಿದೆ, ಆದರೂ ಅಕ್ಷರ ಕಾಣುವುದಿಲ್ಲ. ನನಗೆ ಅಕ್ಷರ ಕಾಣುತ್ತದೆ, ಅರ್ಥ ಗೊತ್ತಿಲ್ಲ. ಆದ್ದರಿಂದ ನಾನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತೇನೆ. ಉಮ್ಮ ಕಣ್ಣು ಮುಚ್ಚಿ ಕೇಳಿ, “ಅಲ್ಲ, ಅಲ್ಲಿ ಇನ್ನೊಂದು ಚುಕ್ಕಿ ಇರಬೇಕು, ಸರಿಯಾಗಿ ನೋಡು” ಎನ್ನುತ್ತಾರೆ. ನೋಡಿದರೆ ಚುಕ್ಕಿ ಇರುತ್ತದೆ! ಮೊದಲ ದಿನ ಅರ್ಧ ಪುಟಕ್ಕೆ ಒಂದು ಗಂಟೆ ಹಿಡಿಯಿತು. ಈಗ ಹದಿನಾಲ್ಕು ಪುಟಗಳಾಗಿವೆ. ಅರ್ಥವನ್ನು ಕನ್ನಡದಲ್ಲಿ ನೋಟ್‌ಬುಕ್‌ಗೆ ಇಳಿಸುತ್ತಿದ್ದೇನೆ. ಕಳೆದ ವಾರ ಒಂದು ಸಾಲು ಕೇಳಿದೊಡನೆ ಉಮ್ಮ ಮುಂದಿನದೆಲ್ಲವನ್ನೂ ಬಾಯಿಪಾಠವಾಗಿ ಹೇಳತೊಡಗಿದರು. ಅರುವತ್ತು ವರ್ಷಗಳ ಹಿಂದೆ ಅದೇ ಜಗಲಿಯಲ್ಲಿ ಕಲಿತದ್ದು. ಹೇಳಿ ಮುಗಿಸಿ, “ನಿನಗೆ ಇದನ್ನು ಕಲಿಸಬೇಕೆಂದು ನನಗೆ ಆಸೆಯಿತ್ತು. ನೀನು ದೊಡ್ಡ ಕಿತಾಬು ಓದುವವಳು, ಇದು ನಿನಗೆ ಬೇಡವೇನೋ ಎಂದು ಸುಮ್ಮನಾದೆ” ಎಂದರು. ನಾನು ನೋಟ್‌ಬುಕ್ ಮುಚ್ಚಿ ಎದ್ದು ಅಡುಗೆಮನೆಗೆ ಹೋದೆ. ಕಣ್ಣೊರೆಸಿಕೊಂಡು ಚಹಾ ಮಾಡಿ ತಂದೆ.

ಮೊನ್ನೆ ತರಗತಿಯಲ್ಲಿ ಆ ವಿದ್ಯಾರ್ಥಿನಿಗೆ ಉತ್ತರ ಹೇಳಿದೆ. ಅಲ್ಲಿಯ ಹುಡುಗಿಯರು ಓತಿನ್‌ಗಳ ಮನೆಯಲ್ಲಿ ಓದಿದರು, ನಿನ್ನ ಮುತ್ತಜ್ಜಿ ಬಹುಶಃ ನನ್ನ ಅಜ್ಜಿಯ ಜಗಲಿಯಲ್ಲಿ ಓದಿರಬಹುದು ಎಂದೆ. ಆಕೆ ಸ್ವಲ್ಪ ಯೋಚಿಸಿ, “ಹಾಗಾದರೆ ಚಿತ್ರದಲ್ಲಿ ಅವರು ಏಕಿಲ್ಲ ಟೀಚರ್?” ಎಂದಳು. ಇದಕ್ಕೂ ನನ್ನಲ್ಲಿ ಉತ್ತರವಿಲ್ಲ. “ಮನೆಗೆ ಹೋಗಿ ನಿನ್ನ ಅಜ್ಜಿಯಲ್ಲಿ ಕೇಳಿ ಬರೆದುಕೊಂಡು ಬಾ. ಯಾರಲ್ಲಿ ಓದಿದರು, ಏನು ಓದಿದರು” ಎಂದು ಎಲ್ಲ ಮಕ್ಕಳಿಗೂ ಹೋಮ್‌ವರ್ಕ್ ಕೊಟ್ಟೆ. ಹನ್ನೊಂದು ಮಂದಿ ಬರೆದು ತಂದಿದ್ದಾರೆ. ಅದರಲ್ಲಿ ಏಳು ಹೆಂಗಸರ ಹೆಸರುಗಳಿವೆ. ಏಳು ಜಗಲಿಗಳು, ಏಳು ಓದುಮನೆಗಳು. ಆ ಹಾಳೆಗಳನ್ನು ಉಮ್ಮನ ನೋಟ್‌ಬುಕ್‌ನೊಂದಿಗೆ ಜೋಪಾನವಾಗಿ ಇಟ್ಟಿದ್ದೇನೆ.

ಪೆಟ್ಟಿಗೆ ಅರ್ಧ ತುಂಬಿದೆ. ಎರಡು ಸ್ವೆಟರ್, ನಡೆಯಲು ಹಗುರ ಚಪ್ಪಲಿ, ಮುಸಲ್ಲ, ಒಂದು ಸಣ್ಣ ದಿಕ್ಸೂಚಿ. ದಿಕ್ಸೂಚಿ ಏಕೆಂದರೆ ಅಲ್ಲಿ ಕಿಬ್ಲಾ ನಮ್ಮಂತೆ ಪಡುವಣಕ್ಕಲ್ಲ, ನೈಋತ್ಯಕ್ಕೆ. ಕಡಲಿನ ಕಡೆಗೆ ಮುಖ ಮಾಡಿದರೆ ಸಾಕು, ಕಿಬ್ಲಾ ಸಿಕ್ಕಿತು ಎಂದು ಬೆಳೆದ ನಮಗೆ ಇದೊಂದು ಹೊಸ ಪಾಠ. ಅಲ್ಲಿಯ ಹಲವು ಮಸೀದಿಗಳಲ್ಲಿ ಮಹಿಳೆಯರ ನಮಾಝ್‌ಗೆ ಜಾಗ ಸಿಗದು ಎಂದು ತಂಡದ ಮುಖಂಡರು ಹೇಳಿದ್ದಾರೆ. ನೋಡೋಣ. ರೆಗಿಸ್ತಾನ್‌ನ ಮದ್ರಸಗಳ ಕೋಣೆಗಳಲ್ಲಿ ಈಗ ಪಾಠ ನಡೆಯುವುದಿಲ್ಲ, ಪ್ರವಾಸಿಗರಿಗೆ ಶಾಲು ಮತ್ತು ಪಿಂಗಾಣಿ ಮಾರುವ ಅಂಗಡಿಗಳಿವೆ. ಅದನ್ನು ನೋಡುವಾಗ ಬೇಸರವಾಗಬಹುದು. ಆದರೆ ಅಂಗಡಿಯಲ್ಲಿ ಕುಳಿತ ಅಜ್ಜಿಯೊಬ್ಬಳು ಸಿಕ್ಕರೆ, ಮಾರ್ಗದರ್ಶಿಯ ಸಹಾಯದಿಂದ ಒಂದೇ ಒಂದು ಮಾತು ಕೇಳಬೇಕೆಂದಿದ್ದೇನೆ. ‘ನೀವು ಚಿಕ್ಕವರಿರುವಾಗ ನಿಮಗೆ ಓದಲು ಕಲಿಸಿದವರು ಯಾರು?’

ಸಹೋದರಿಯರೇ, ಈ ಬರಹ ನಿಮ್ಮ ಕೈಸೇರುವಾಗ ನಾವು ಹೊರಡುವ ದಿನ ಹತ್ತಿರ ಬಂದಿರುತ್ತದೆ. ನಮ್ಮ ಪ್ರಯಾಣ ಸುಗಮವಾಗಲೆಂದು ದುಆ ಮಾಡಿರಿ. ದೂರದೇಶಕ್ಕೆ ಹೋಗುವ ಅವಕಾಶ ಎಲ್ಲರಿಗೂ ಸಿಗಲಿಕ್ಕಿಲ್ಲ. ಆದರೆ ನಿಮ್ಮ ಮನೆಯಲ್ಲಿ ಇನ್ನೂ ಒಬ್ಬರು ಅಜ್ಜಿ ಇದ್ದರೆ, ಇಂದು ಸಂಜೆ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ. ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ನನ್ನ ಉಮ್ಮನ ಪುಸ್ತಕದಲ್ಲಿ ಇನ್ನೂ ಅರುವತ್ತು ಪುಟಗಳಿವೆ. ಮರಳಿ ಬಂದ ಮೇಲೆ ಹದಿನೈದನೆಯ ಪುಟದಿಂದ ಮುಂದುವರಿಸಬೇಕು. ಇನ್ಶಾ ಅಲ್ಲಾಹ್.